ಅವನ ಬೆನ್ನಿಗೆ ನಿಂತಾಕಿ

"ಊಟ ಆತೇನ್ರಿ?"

ಕೇಳಿದವಳು ಸುಶ್ಮಿತಾ. ಹಿರೇವಡ್ಡಟ್ಟಿಯ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಮೆಣಸಿನಕಾಯಿಯ ನಡುವೆ ನಿಂತು, ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದೇ ಮಾಳಿಗೆಯ ಆ ಒಂದು ಮೂಲೆಯಲ್ಲಿ.

ಉತ್ತರ ಹೇಳಬೇಕಾದವನು ಅವಳ ಗಂಡ ಶಿವಯೋಗಿ. ಮಿಲಿಟರಿಯಲ್ಲಿ ಡ್ರೈವರ್. ಶಾಂತಿಪಡೆಯ ಜೊತೆ ಆಫ್ರಿಕಾದ ಕಾಂಗೋಕ್ಕೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ರವಿವಾರ ಮಧ್ಯಾಹ್ನ ಅವನಿಗೆ ಫೋನಿನ ಪಾಳಿ ಬರುತ್ತಿತ್ತು. ಅಲ್ಲಿ ಊಟದ ಹೊತ್ತು, ಇಲ್ಲಿ ಬಿಸಿಲು ಇಳಿಯುವ ಹೊತ್ತು.

ಫೋನಿನೊಳಗೆ ಭರ್ರೆಂದು ಗಾಳಿ ಬೀಸಿದಂಥ ಸದ್ದು. ಗಂಡ ಮಾತಾಡಲಿಲ್ಲ. ಬದಲಿಗೆ...

"...ಆತೇನ್ರಿ?"

ಹೆಣ್ಣುದನಿ!

ತೆಳ್ಳಗಿನ ದನಿ. ಬಾವಿಯ ತಳದಿಂದ ಯಾರೋ ಮೂಗಿನಲ್ಲಿ ಕೇಳಿದ ಹಾಗಿತ್ತು. ಅದು ಮುಗಿದ ಮೇಲೆ ಶಿವಯೋಗಿ, "ಹೂಂ, ಆತು. ನಿಂದು?" ಎಂದ. ಏನೂ ನಡೆದೇ ಇಲ್ಲವೆಂಬ ಹಾಗೆ.

ಸುಶ್ಮಿತಾಳಿಗೆ ಬಿಸಿಲಲ್ಲೂ ತೋಳಿನ ಕೂದಲು ನಿಮಿರಿ ನಿಂತವು. 'ತಪ್ಪು ಕೇಳಿರಬೇಕು' ಎಂದುಕೊಂಡಳು. ದೂರದ ಲೈನು... ಯಾರದೋ ಮಾತು ಯಾರದಕ್ಕೋ ಬೆರೆತಿರಬೇಕು.

ಆದರೆ ಮುಂದಿನ ರವಿವಾರವೂ ಆ ದನಿಯವಳು ಬಂದಳು.

"ನಿಮ್ಮ ಹಂತೇಕ ಯಾರದಾರ್ರಿ?" ಎಂದು ಸುಶ್ಮಿತಾ ಕೇಳಿದಳು.

"...ದಾರ್ರಿ?" ಎಂದಳು ಆ ಹೆಂಗಸು.

"ಯಾರೂ ಇಲ್ಲ. ನಾ ಒಬ್ಬಾಂವಽ ಅದೀನಿ," ಎಂದ ಶಿವಯೋಗಿ.

ಸುಳ್ಳು! ಮದುವೆಯಾದ ಎರಡು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು ಎಂದು ಅವಳು ಅಂದುಕೊಂಡಳು. ಮಾಳಿಗೆಯ ಮೇಲೆ ಮೆಣಸಿನಕಾಯಿಯ ಘಾಟು ಮೂಗಿಗೆ ಏರಿತ್ತು. ದೂರದ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಅವಳ ಕಣ್ಣಲ್ಲಿ ನೀರು ಬಂದಿದ್ದು ಘಾಟಿಗೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಏನು ಗೊತ್ತೆ? ಆ 'ರಿ'.

ನಮ್ಮ ಕಡೆ ಎಲ್ಲರೂ ಎಲ್ಲರಿಗೂ 'ರಿ' ಹಚ್ಚುತ್ತಾರೆ. ಕಂಡಕ್ಟರಿಗೆ ಒಂದು ರಿ, ಮಾಸ್ತರರಿಗೆ ಒಂದು ರಿ. ಆದರೆ ಹೆಂಡತಿ ಗಂಡನಿಗೆ ಹಚ್ಚುವ ರಿ ಬೇರೆ. ಅದರಲ್ಲಿ ಮರ್ಯಾದೆ ಕಾಲು ಪಾಲು, ಸಲಿಗೆ ಮುಕ್ಕಾಲು ಪಾಲು. ಕೊನೆಯಲ್ಲಿ ಚೂರು ಎಳೆದು ಬಿಡುವ ಆ ರಿ ಎಂಥದು ಎಂದು ಹೆಂಡತಿಯಾದವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಫೋನಿನೊಳಗಿನ ಹೆಂಗಸು ಹಚ್ಚುತ್ತಿದ್ದುದು ಅದೇ ರಿ!

'ಶಾಂತಿಪಡೆಯ ದವಾಖಾನಿಯೊಳಗ ನರ್ಸಬಾಯಿಗಳು ಇರತಾರಂತ. ನಮ್ಮ ಕಡಿಯಾಕಿನಽ ಒಬ್ಬಾಕಿ ಇರಬಾರದ್ಯಾಕ? ಅದಾಳ. ನನ್ನ ಮಾತು ಕೇಳಿ, ನನ್ನಽ ಅಣಕಸಾಕತ್ಯಾಳ...'

ಅತ್ತೆ ಕಳಕವ್ವನಿಗೆ ಹೇಳಿದಳು. ಜೋಳ ಹಸನು ಮಾಡುತ್ತಿದ್ದ ಕಳಕವ್ವನ ಕೈಯಲ್ಲಿನ ಮೊರ ಅಲ್ಲೇ ನಿಂತಿತು.

"ಅಕಿ ಏನಂತಾಳ?"

"ನಾ ಅಂದದ್ದನ್ನಽ ಅಂತಾಳ. ನಾ ಅಂದ ಮ್ಯಾಲೆ ಅಂತಾಳ."

ಕಳಕವ್ವ ಮೊರವನ್ನು ಕೆಳಗಿಟ್ಟಳು. "ಅದು ಹೆಂಗಸಲ್ಲ ತಂಗಿ. ಗಾಳಿ. ಮನಷ್ಯಾರು ತಮ್ಮ ಮಾತು ಆಡತಾರ. ಮಂದಿ ಮಾತು ತಿರುಗಿ ಆಡೂದು ಗಾಳಿ ಲಕ್ಷಣ."

"ಗಾಳಿಗೆ ರಿ ಹಚ್ಚಿ ಮಾತಾಡಾಕ ಬರತೈತೇನ್ ಅತ್ತಿ?"

ಅತ್ತೆ ಮತ್ತೆ ಮೊರ ಎತ್ತಿಕೊಂಡಳು. ಆದರೆ ಅಂದಿನಿಂದ ಕಳಕವ್ವ ರವಿವಾರ ಮಾಳಿಗೆ ಹತ್ತುವುದನ್ನು ಬಿಟ್ಟಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಸುಶ್ಮಿತಾ ಕಣ್ಣಿನಿಂದ ಏನೂ ಕಂಡಿರಲಿಲ್ಲ, ಬರೀ ಕಿವಿಯಿಂದ ಕೇಳಿದ್ದಳು. ಇನ್ನು ಪ್ರಮಾಣಿಸುವುದು ದೂರವೇ ಉಳಿಯಿತು.

ಅದರ ಮುಂದಿನ ರವಿವಾರ ಶಿವಯೋಗಿಯ ದನಿಯೇ ಬೇರೆಯಾಗಿತ್ತು. ಮಾತು ಮಾತಿಗೂ ಉಸಿರು ನಿಲ್ಲುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು "ಯಾಕ್ರಿ, ಆರಾಮಿಲ್ಲೇನು?" ಎಂದು ಮೊದಲು ಕೇಳುತ್ತಿದ್ದಳು. ಆವತ್ತು ಅವಳು ಕೇಳಿದ್ದು ಬೇರೆ.

"ನಿಮ್ಮ ಬೆನ್ನಿಗೆ ಒಬ್ಬಾಕಿ ನಿಂತಾಳಲ್ಲ. ಅಕಿ ಯಾರ್ರಿ?"

"...ಯಾರ್ರಿ?" ಎಂದಳು ಆ ಹೆಂಗಸೂ.

ಫೋನಿನೊಳಗಿನ ಗಾಳಿ ನಿಂತ ಹಾಗಾಯಿತು. ಕೊನೆಗೆ ಶಿವಯೋಗಿ ಪಿಸುದನಿಯಲ್ಲಿ ಕೇಳಿದ.

"ನಿನಗೂ ಕೇಳಸ್ತಾಳೇನು?"

ನಿನಗೂ! ಅಂದರೆ ಅವಳು ಇರುವುದು ಖರೆ! ಸುಶ್ಮಿತಾ ಮಾಳಿಗೆಯ ಗೋಡೆ ಹಿಡಿದುಕೊಂಡಳು.

"ಚಂದಂಗ ಕೇಳಸ್ತಾಳ. ಹೆಸರೇನು ಅಕಿದು?"

"ಹೆಸರು... ಗೊತ್ತಿಲ್ಲ."

"ಹೆಸರಽ ಗೊತ್ತಿಲ್ಲದಾಕಿನ್ನ ಬೆನ್ನಿಗೆ ಕಟಗೊಂಡೀರೇನು?"

"ಸುಶ್ಮಿ... ಅಕಿನ ಮಾತಾಡಸಬ್ಯಾಡ. ನಿನ್ನ ಕೈ ಮುಗೀತೀನಿ, ಅಕಿ ಸುದ್ದಿ ಬ್ಯಾಡ ನಿನಗ."

"ಹಂಗಾರ ನನಗ ಸೋಡಚೀಟಿ ಕೊಡ್ರಿ!"

"...ಕೊಡ್ರಿ!" ಎಂದಿತು ಆ ದನಿ. ಅವಳಿಗಿಂತ ಹೆಚ್ಚು ಸಿಟ್ಟಿನಿಂದ.

ಸುಶ್ಮಿತಾ ಇನ್ನೊಂದು ಮಾತಾಡಲಿಲ್ಲ. ಗುಂಡಿ ಒತ್ತಿ ಫೋನ್ ಕಡಿದು, ಮೆಣಸಿನಕಾಯಿಯ ರಾಶಿಯ ಮೇಲೆ ಒಗೆದು ಕೆಳಗಿಳಿದು ಬಂದಳು. ಅದೇ ಸಂಜೆಯ ಬಸ್ಸಿಗೆ ಮುಂಡರಗಿಯ ತವರಿಗೆ ಹೋದಳು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಆ ಗಾದೆ ಕಟ್ಟಿದವರ ಕಾಲದಲ್ಲಿ ಗಂಡ ಹೆಂಡತಿ ಒಂದೇ ಒಲೆಯ ಮುಂದೆ ಉಣ್ಣುತ್ತಿದ್ದರು. ಒಬ್ಬರು ಕಾಂಗೋದಲ್ಲಿ ಉಂಡು ಒಬ್ಬರು ಮುಂಡರಗಿಯಲ್ಲಿ ಉಂಡರೆ ಜಗಳ ಮುಗಿಯುವುದಾದರೂ ಎಲ್ಲಿ?

ಅವನು ಒಪ್ಪಲಿಕ್ಕಿಲ್ಲ, ಅತ್ತು ಕರೆದು ಬೇಡಿಕೊಳ್ಳುತ್ತಾನೆ ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಅವನು ಬೇಡಿಕೊಳ್ಳಲಿಲ್ಲ. ತನ್ನ ಸೋದರಮಾವ ಹುಚ್ಚೀರಪ್ಪನಿಗೆ ಫೋನ್ ಮಾಡಿ, "ಅಕಿ ಕೇಳಿದ್ದು ಕೊಟ್ಟುಬಿಡ್ರಿ. ನನ್ನಿಂದ ದೂರ ಇದ್ದಷ್ಟೂ ಅಕಿಗೆ ಚಲೋ," ಎಂದನಂತೆ. ಗದಗದ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿಗೆ ಮೊದಲ ಸಲ ಅವನ ಪರವಾಗಿ ಮಾವನೇ ನಿಂತ. ಆರು ತಿಂಗಳ ಮೇಲೆ ಎರಡನೆಯ ಸಲ ಮಾತ್ರ ಗಂಡ ಹೆಂಡತಿ ಇಬ್ಬರೂ ಖುದ್ದು ಬರಬೇಕು, ಜಡ್ಜ್ ಸಾಹೇಬರ ಎದುರು 'ಒಪ್ಪಿಗೆ ಐತಿ' ಅನ್ನಬೇಕು, ಅಷ್ಟಾದರೆ ಮುಗಿಯಿತು ಎಂದರು ವಕೀಲರು.

ಆ ಅರ್ಧ ವರ್ಷ ಸುಶ್ಮಿತಾ ಹೇಗೆ ಕಳೆದಳೋ ಅವಳಿಗೇ ಗೊತ್ತು. ಫೋನ್ ಮುಟ್ಟುವುದನ್ನೇ ಬಿಟ್ಟಳು. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದಾಗ ಯಾರೋ ಬಾಗಿಲು ಬಡಿದರೆ, "ಯಾರ್ರಿ?" ಎಂದು ಕೇಳಿ, ಆಮೇಲೆ ಉಸಿರು ಹಿಡಿದು ನಿಲ್ಲುತ್ತಿದ್ದಳು. ತನ್ನ ಮಾತು ತಿರುಗಿ ಬರುತ್ತದೇನೋ ಎಂದು. ಬರುತ್ತಿರಲಿಲ್ಲ. ಆದರೂ ನಿಲ್ಲುತ್ತಿದ್ದಳು. ಅವನ ಮೇಲಿನ ಸಿಟ್ಟು ಇಳಿದಷ್ಟೂ ಅವನ ನೆನಪು ಏರುತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಲಿಲ್ಲ.

ಕೋರ್ಟಿನ ತಾರೀಖು ಬಂತು. ಶಿವಯೋಗಿ ರಜೆ ಹಾಕಿ ಊರಿಗೆ ಬಂದಿದ್ದಾನೆ ಎಂಬ ಸುದ್ದಿಯೂ ಬಂತು. ನಾಳೆ ಬೆಳಿಗ್ಗೆ ಗದಗದಲ್ಲಿ 'ಒಪ್ಪಿಗೆ ಐತಿ' ಎಂಬ ಎರಡು ಮಾತು, ಅಷ್ಟೆ. ಆಮೇಲೆ ಅವನು ಯಾರೋ, ಅವಳು ಯಾರೋ.

ತಾರೀಖಿನ ಹಿಂದಿನ ದಿನ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ಅವಳು ಗೆಳತಿ ನೂರೀನಳ ಅಂಗಡಿಗೆ ಹೋದಳು. ನೂರೀನಳ ತಂದೆ ಮಹಬೂಬಸಾಬ ಮೈಕ್ ಸೆಟ್ ಇಟ್ಟವರು. ಆಟೋದ ಮೇಲೆ ಹಾರ್ನ್ ಕಟ್ಟಿಕೊಂಡು ಸೀರೆ ಸೇಲು, ಸರ್ಕಸ್ಸು, ಸರಕಾರದ ಪ್ರಚಾರ ಎಂದು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಪ್ರಚಾರದ ಮಾತುಗಳನ್ನು ಕ್ಯಾಸೆಟ್ಟಿಗೆ ತುಂಬುವವಳು ನೂರೀನ. ಆವತ್ತು ಅವಳ ಗಂಟಲು ಕಟ್ಟಿತ್ತು.

"ನೀ ಓದಲೇ ಸುಶ್ಮಿ. ಪೋಲಿಯೋ ಹನಿದು ಐತಿ. ಅಬ್ಬಾ ಹೊಂಟು ನಿಂತಾರ, ಜಲ್ದಿ ಓದು," ಎಂದು ನೂರೀನ ಕೆಮ್ಮುತ್ತ ಮೈಕನ್ನು ಅವಳ ಕೈಗೆ ಕೊಟ್ಟಳು.

ಸುಶ್ಮಿತಾ ಬೇಡವೆನ್ನಲಿಲ್ಲ. ನಾಳೆಯ ಚಿಂತೆ ಅಷ್ಟು ಹೊತ್ತಾದರೂ ದೂರ ಇರಲಿ ಎಂದು ಓದಿದಳು. "ತಾಯಂದಿರಲ್ಲಿ ವಿನಂತಿ. ಬರುವ ರವಿವಾರ ನಿಮ್ಮ ಐದು ವರ್ಷದೊಳಗಿನ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿರಿ..." ಜನ ಕಿವಿಗೊಡಲಿ ಎಂದು ನೂರೀನ ಕೊನೆಯಲ್ಲಿ ಒಂದು ಆಡುಮಾತು ಸೇರಿಸಿದ್ದಳು. "ಮಕ್ಕಳನ್ನ ಕರಕೊಂಡು ಬರತೀರೇನ್ರಿ?"

ಹೊರಗೆ ಮಹಬೂಬಸಾಬರು ಕ್ಯಾಸೆಟ್ ಹಾಕಿ ನೋಡಿದರು. ಆಟೋದ ಮೇಲಿನ ಹಾರ್ನು ಗಡಗಡಿಸಿತು. ಎದುರಿನ ಗೋದಾಮಿನ ಗೋಡೆಗೆ ಬಡಿದು ಕೊನೆಯ ಮಾತು ತಿರುಗಿ ಬಂತು.

"...ತೀರೇನ್ರಿ?"

ಸುಶ್ಮಿತಾ ನೂರೀನಳ ತೋಳು ಹಿಡಿದಳು.

"ಅಕಿ ಬಂದಾಳ," ಎಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರು?"

"ಅಕಿನಽ ನೂರೀನ... ಫೋನಿನ್ಯಾಗಿನಾಕಿ. ಅವರ ಬೆನ್ನಿಗೆ ನಿಂತಾಕಿ. ಇದಽ ದನಿ. ಇದಽ ರಿ."

ನೂರೀನ ಗೆಳತಿಯ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದು ಕೂರಿಸಿದಳು. "ಹುಚ್ಚಿ... ಇದು ನಿನ್ನ ದನಿ. ಈಗ ಓದಿದೆಲ್ಲ, ಅದಽ."

"ನನ್ನ ದನಿ ಹಿಂಗಿಲ್ಲ."

"ಹಿಂಗಽ ಐತಿ. ನಮಗೆಲ್ಲ ನಿನ್ನ ದನಿ ಹಿಂಗಽ ಕೇಳೂದು. ಒಳಗಿಂದ ಕೇಳಾಕಿ ನೀ ಒಬ್ಬಾಕಿನಽ." ನೂರೀನ ಒಂದು ಕ್ಷಣ ತಡೆದು ಕೇಳಿದಳು. "ಫೋನಿನ್ಯಾಗ ಅಕಿ ಏನಂತಿದ್ದಳು? ನೀ ಅಂದದ್ದನ್ನಽ?"

"ಹೂಂ..."

"ಯಾ ಅಲ್ಲಾ. ನಮ್ಮ ಮಾಮಾ ದುಬೈದಿಂದ ಫೋನ್ ಮಾಡಿದಾಗ ಅಮ್ಮಿಗೂ ಹಿಂಗಽ ಆಗತಿತ್ತು. ಆಡಿದ ಮಾತು ಆ ಕಡಿ ಹೋಗಿ ತಿರುಗಿ ಬರೂದು. ಲೈನಿಂದು ಅದು. ಸುಶ್ಮಿ... ಅಲ್ಲಿ ಯಾವ ಹೆಂಗಸೂ ಇದ್ದಿಲ್ಲ. ನೀನಽ ಇದ್ದಿ."

ತನ್ನ ದನಿಯ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟು, ತನಗೆ ತಾನೇ ಸವತಿಯಾದವಳನ್ನು ನೀವು ಕಂಡಿದ್ದೀರಾ? ಇಲ್ಲಿ ಕಾಣಿರಿ. ನಗಬೇಕೆನಿಸಿದರೆ ನಗಿರಿ. ಅವಳು ಮಾತ್ರ ನಗಲಿಲ್ಲ, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅಳುವಿನ ನಡುವೆ ಒಂದು ಮಾತು ಥಟ್ಟನೆ ನೆನಪಾಗಿ ಅಳು ನಿಂತಿತು.

ಅಲ್ಲಿ ಯಾರೂ ಇರಲಿಲ್ಲ ಎಂದರೆ, 'ನಿನಗೂ ಕೇಳಸ್ತಾಳೇನು' ಎಂದು ಅವನು ಕೇಳಿದ್ದು ಯಾರ ಬಗ್ಗೆ?

"ಕಾಕಾ," ಎಂದು ಅವಳು ಹೊರಗೆ ಓಡಿಬಂದಳು. "ಎಲ್ಲಿಗೆ ಹೊಂಟೀರಿ?"

"ಬರದೂರ, ಹಿರೇವಡ್ಡಟ್ಟಿ ಕಡೆ. ಯಾಕ ಬೇಟಿ?"

"ನನ್ನೂ ಕರಕೊಂಡು ಹೋಗ್ರಿ."

ದಾರಿಯುದ್ದಕ್ಕೂ ಅವಳ ತಲೆಯ ಮೇಲೆ ಅವಳದೇ ದನಿ ಒದರುತ್ತಿತ್ತು. ಬರತೀರೇನ್ರಿ, ಬರತೀರೇನ್ರಿ. ಎರಡೂ ಕಡೆ ಖಾಲಿ ಎರೆಹೊಲ, ಬಿಸಿಲಿಗೆ ಬಿರಿದ ಕರಿಮಣ್ಣು. ಪ್ರತಿ ಸಲ ಆ ಮಾತು ಬಂದಾಗಲೂ ಯಾರೋ ಬೇರೆಯವಳು ತನ್ನ ಮುಂದೆ ಮುಂದೆ ಅವನ ಊರಿಗೆ ಹೋಗುತ್ತಿದ್ದಾಳೆ ಎಂದು ಅನಿಸಿ ಮೈ ಜುಮ್ಮೆನ್ನುತ್ತಿತ್ತು.

ಹಿರೇವಡ್ಡಟ್ಟಿಯ ಮನೆಯ ಕಟ್ಟೆಯ ಮೇಲೆ ಕಳಕವ್ವ ಒಬ್ಬಳೇ ಕೂತಿದ್ದಳು. ಸೊಸೆಯನ್ನು ನೋಡಿ ಎದ್ದಳು, ಬೈಯಲಿಲ್ಲ.

"ಅತ್ತಿ, ಎಲ್ಲದಾರ ಅವರು?"

"ಬಂದಾಗಿಂದ ಮನಿಯೊಳಗ ಕಾಲಿಟ್ಟಿಲ್ಲ ತಂಗಿ. ಹೊಲದಾಗಿನ ಗುಡಸಲದಾಗ ಇರತಾನ. ಊಟಕ್ಕ ಬಂದು ಹೊಸ್ತಲ ಹೊರಗ ನಿಂದರತಾನ. ನಾ ಕೊಡತೀನಿ, ತಗೊಂಡು ಹೋಗತಾನ..." ಮುದುಕಿ ಅತ್ತಿತ್ತ ನೋಡಿ ದನಿ ಇಳಿಸಿದಳು. "ಎರಡು ತಾಟು ಕೇಳತಾನ."

"ಎರಡು?"

"ಎರಡು. ದಿನಾ. ನಾ ಆವತ್ತಽ ಹೇಳಿದ್ದೆ, ನೀ ಕೇಳಲಿಲ್ಲ. ಅದು ಬೆನ್ನಿಗೆ ಬಂದೈತಿ."

ಸುಶ್ಮಿತಾ ಬಂದ ದಾರಿಯ ಕಡೆ ಒಮ್ಮೆ ನೋಡಿದಳು. ಆಟೋ ಇನ್ನೂ ಊರಲ್ಲೇ ಇತ್ತು, ತಿರುಗಿ ಹೋಗಬಹುದಿತ್ತು. ನಾಳೆ 'ಒಪ್ಪಿಗೆ ಐತಿ' ಅಂದರೆ ಇದೆಲ್ಲ ಅವಳ ಪಾಲಿಗೆ ಇರುವುದೇ ಇಲ್ಲ. ಅವಳು ಹೊಲದ ದಾರಿ ಹಿಡಿದಳು.

ಗುಡಿಸಲಿನ ಮುಂದೆ ಬೇವಿನ ಗಿಡ. ಅದರ ನೆರಳಲ್ಲಿ ಶಿವಯೋಗಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ. ಎಷ್ಟು ಇಳಿದುಹೋಗಿದ್ದ! ಅವನ ಮುಂದೆ ಒಂದು ಖಾಲಿ ತಾಟು. ಪಕ್ಕದಲ್ಲಿ ಇನ್ನೊಂದು. ಅದರಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟದ್ದು ಇಟ್ಟ ಹಾಗೇ ಇತ್ತು, ಇರುವೆ ಸಾಲು ಹಿಡಿದಿತ್ತು.

ಅವಳನ್ನು ಕಂಡು ಅವನ ಕಣ್ಣು ಒಮ್ಮೆ ಅರಳಿತು. ಮರುಕ್ಷಣವೇ ಕೈ ಎತ್ತಿದ.

"ಅಲ್ಲೇ ನಿಂದ್ರು. ಹಂತೇಕ ಬರಬ್ಯಾಡ."

"ಆ ತಾಟು ಯಾರಿಗೆ?"

ಅವನು ಆ ತಾಟನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದ.

"ನಾಳಿಂದ ನಾ ನಿಮಗ ಯಾರೂ ಅಲ್ಲ. ಇವತ್ತ ಇನ್ನೂ ಹೆಂಡತಿ ಅದೀನಿ. ಹೇಳ್ರಿ."

ಶಿವಯೋಗಿ ನೆಲ ನೋಡುತ್ತ ಹೇಳಿದ. ಒಂದೊಂದೇ ಮಾತು, ನಡುನಡುವೆ ಬಿಟ್ಟು ಬಿಟ್ಟು.

"ಅಲ್ಲಿ ನೆಲ ಎಲ್ಲಾ ಕರಿ ಕಲ್ಲು. ಗುಡ್ಡ ಉರದು ಹರದ ಕಲ್ಲು. ನಾ ನೀರಿನ ಟ್ಯಾಂಕರ ಹೊಡಿಯಾಂವ. ಒಂದಿನ ಹಾದ್ಯಾಗ ಒಬ್ಬಾಕಿ ಕೈ ಮಾಡಿದಳು. ಒಬ್ಬಾಕಿನಽ ಇದ್ದಳು. ಹೊಟ್ಟಿ ಮುಟ್ಟಕೋತ ಬಾಯಾಗ ಏನೋ ಅಂತಿದ್ದಳು, ಮುಂದಿನ ಊರ ಕಡೆ ಕೈ ತೋರಸ್ತಿದ್ದಳು. ಹಿಂದ ಮುಂದ ಗಾಡಿ ಸಾಲು. ನಡುವ ನಿಂದರಸಾಕ ಬರಂಗಿಲ್ಲ. ನಾ ನಿಂದರಸಲಿಲ್ಲ."

"ಆಮ್ಯಾಲೆ?"

"ಸಂಜೀಕ ತಿರುಗಿ ಬರೂದ್ರಾಗ ಅಲ್ಲೇ ಬಿದ್ದಿದ್ದಳು. ಏನಾಗಿತ್ತೋ. ಜಡ್ಡೋ, ಯಾರರ ಏನರ ಮಾಡಿದ್ರೋ... ಉಸರಿದ್ದಿಲ್ಲ. ನನ್ನ ಕಂಬಳಿ ಹೊಚ್ಚಿ ನಾನಽ ಎತ್ತಿ ಮಲಗಿಸಿದೆ. ಅವತ್ತಿಂದ ಬೆನ್ನ ಹಿಂದ ಯಾರೋ ನಿಂತು ಗುಣಗುಟ್ಟಿದಂಗ ಕೇಳಸ್ತಿತ್ತು. ಭ್ರಮಾ ಅನಕೊಂಡೆ. ಮರುದಿನಽ ರವಿವಾರ. ನೀ ಫೋನಿನ್ಯಾಗ ಕೇಳಿದಿ, ನಿಮ್ಮ ಬೆನ್ನಿಗೆ ನಿಂತಾಕಿ ಯಾರು ಅಂತ."

ಸುಶ್ಮಿತಾಳಿಗೆ ಆವತ್ತು ಅವನ ಉಸಿರು ಯಾಕೆ ನಿಲ್ಲುತ್ತಿತ್ತು ಎಂದು ಈಗ ತಿಳಿಯಿತು. ಗಂಡನ ಎದೆ ಹೆದರಿ ಬಡಿದುಕೊಳ್ಳುತ್ತಿದ್ದಾಗ, ಆ ಹೆದರಿಕೆಗೆ ಖರೆ ಎಂದು ಸಾಕ್ಷಿ ಹೇಳಿದವಳು ತಾನೇ!

"ಸಮುದ್ರದಾಚೆ ಇದ್ದ ನಿನಗಽ ಅಕಿ ಕೇಳಿಸಿದ ಮ್ಯಾಲೆ ಅದು ಭ್ರಮಾ ಹೆಂಗ ಆಗತೈತಿ?" ಎಂದ ಶಿವಯೋಗಿ. "ನನ್ನಿಂದ ನಿನಗೂ ಅಂಟಕೋತಾಳ ಅಂತ ಸೋಡಚೀಟಿಗೆ ಹೂಂ ಅಂದೆ. ಕಾರಣ ಹೇಳಿದ್ರ ನೀ ಬಿಟ್ಟು ಹೋಗತಿದ್ದಿಲ್ಲ. ನಿನ್ನ ಹಟ ನನಗ ಗೊತ್ತಿಲ್ಲೇನು?"

ಅಷ್ಟರಲ್ಲಿ ಊರ ಕಡೆಯಿಂದ ಹಾರ್ನಿನ ಸದ್ದು ಗಾಳಿಯಲ್ಲಿ ತೇಲಿಬಂತು. ತಾಯಂದಿರಲ್ಲಿ ವಿನಂತಿ... ಶಿವಯೋಗಿ ಕಿವಿ ನಿಮಿರಿಸಿದ.

"ಆ ದನಿ ಯಾರದು ಹೇಳ್ರಿ?" ಎಂದಳು ಸುಶ್ಮಿತಾ.

"ನಿಂದು. ನಿನ್ನ ದನಿ ನನಗ ಎಲ್ಲಿದ್ರೂ ಗುರುತ ಹತ್ತತೈತಿ."

"ನನಗ ಹತ್ತಲಿಲ್ಲ ನೋಡ್ರಿ. ಫೋನಿನ್ಯಾಗ ಇದ್ದಾಕಿ ನಾನಽ. ನಾ ಆಡಿದ್ದು ನಿಮ್ಮ ಫೋನಿಗೆ ಬಡದು ತಿರುಗಿ ನನಗಽ ಬರತಿತ್ತು. ಇನ್ನೊಬ್ಬಾಕಿ ಅನಕೊಂಡೆ. ನನ್ನ ರಿ ಕದ್ದಾಳ ಅನಕೊಂಡೆ. ನಾ ಕೇಳಿದ್ದು ಯಾವ ದೆವ್ವನೂ ಅಲ್ಲ, ನನ್ನ ಹೊಟ್ಟಿಕಿಚ್ಚು."

ಅವನು ನಂಬಲಾರದೆ ಅವಳನ್ನೇ ನೋಡಿದ. ಅವಳು ಹತ್ತಿರ ಬಂದಳು. ಈ ಸಲ ಅವನು ಕೈ ಎತ್ತಲಿಲ್ಲ. ಅವನ ಎದುರು ಮಣ್ಣಿನಲ್ಲೇ ಕೂತಳು.

"ಹಂಗಾರ..." ಅವನು ಪಕ್ಕದ ತಾಟಿನ ಕಡೆ ನೋಡಿದ. "ಹಾದ್ಯಾಗ ನಿಂತಾಕಿ? ಅಕಿನೂ ಸುಳ್ಳೇನು?"

"ಅಕಿ ಖರೆ. ನೀವು ಗಾಡಿ ನಿಂದರಸಲಿಲ್ಲ, ಅದೂ ಖರೆ. ಅದನ್ನ ನಾ ಒರಸಾಕ ಬರಂಗಿಲ್ಲ. ಆದ್ರ ಅಕಿ ನಿಮ್ಮ ಬೆನ್ನಿಗೆ ಬಂದಿಲ್ಲ. ಎದಿಯೊಳಗ ಇಟಗೊಂಡೀರಿ."

"ತಾಟು ಇಡೂದು ಬಿಡಲೇನು?"

"ಬಿಡಬ್ಯಾಡ್ರಿ. ಇಡೂನು. ನಾನಽ ಬಡಸ್ತೀನಿ. ಹೆಸರು ಗೊತ್ತಿಲ್ಲದಿದ್ರ ಏನಾತು, ಹಸದಾಕಿ ಅಂತೂ ಗೊತ್ತೈತೆಲ್ಲ." ಅವಳು ಅವನ ಕೈ ಹಿಡಿದುಕೊಂಡಳು. ಬಿಸಿಲಿನ ಹೊತ್ತಲ್ಲೂ ಆ ಕೈ ತಣ್ಣಗಿತ್ತು. "ನನ್ನ ಬಿಡಬ್ಯಾಡ್ರಿ. ನಿಮ್ಮ ಮ್ಯಾಲಿನ ಜೀವ ನನಗ ಒಂದಿನಾನೂ ಹೋಗಲಿಲ್ಲ. ನಾಳೆ ಗದಗಕ್ಕ ಹೋಗಾಕಽ ಬೇಕು. ಹೋಗಿ ಜಡ್ಜ್ ಸಾಹೇಬ್ರಿಗೆ ಒಲ್ಲೆವು ಅಂತ ಹೇಳಿ ಬರೂನು."

ಶಿವಯೋಗಿ ತಲೆ ಬಾಗಿಸಿ ಅವಳ ಕೈಗೆ ಹಣೆ ಹಚ್ಚಿದ. ಅಷ್ಟು ದಿನ ತಡೆದಿಟ್ಟ ಅಳು ಕಟ್ಟೆ ಒಡೆದು ಬಂತು. ಅವಳು ತಲೆ ಸವರುತ್ತ ಕೂತಳು. ಊರ ಕಡೆ ಹಾರ್ನು ನಿಂತಿತ್ತು. ಹೊಲದಲ್ಲಿ ಗಾಳಿ ಕೂಡ ಬಿದ್ದುಹೋಗಿತ್ತು.

ಬಹಳ ಹೊತ್ತಿನ ಮೇಲೆ ಅವನು ತಲೆ ಎತ್ತಿದ.

"ಸುಶ್ಮಿ, ಒಂದು ಕೇಳತೀನಿ. ಹೇಳ್ತಿ?"

"ಕೇಳ್ರಿ."

"ಕಡೀ ಸಲ ನೀ ಸೋಡಚೀಟಿ ಕೇಳಿದ ಮ್ಯಾಲೆ ಲೈನ್ ಕಟ್ ಆದಂಗ ಆತು. ಆದ್ರ ನಾ ಫೋನ್ ಇಟ್ಟಿದ್ದಿಲ್ಲ. ಕಿವಿಗೆ ಹಿಡಕೊಂಡಽ ನಿಂತಿದ್ದೆ. ಆಗ ಒಂದು ಮಾತು ಕೇಳಿಸ್ತು. ಮೆತ್ತಗ. ದನಿ ನಿಂದಽ ಇದ್ದಂಗ ಇತ್ತು."

"ಏನಂತು?"

"'ಮನೀಗೆ ಹೋಗೂನು' ಅಂತು."

ಸುಶ್ಮಿತಾ ಅಲುಗಲಿಲ್ಲ.

"ಅಕಿನಽ ನಿನ್ನ ದನಿ ಕದ್ದು, ನನ್ನ ಕೂಡ ನಮ್ಮ ಮನೀಗೆ ಬರಾಕ ನಿಂತಾಳ ಅನಕೊಂಡೆ. ಅದಕಽ ನಾ ಹೊಸ್ತಲಾ ದಾಟಲಿಲ್ಲ." ಅವನು ಮಗುವಿನಂತೆ ಅವಳ ಮುಖ ನೋಡಿದ. "ಅದೂ ನೀನಽ ಏನು? ನೀನಽ ಅಂದಿದ್ದೇನು?"

ಆವತ್ತು ಅವಳು ಆ ಮಾತು ಆಡಿರಲಿಲ್ಲ. ಗುಂಡಿ ಒತ್ತಿದ ಮೇಲೆ ಅವಳ ಬಾಯಿಂದ ಒಂದು ಸೊಲ್ಲೂ ಹೊರಟಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆನ್ನಹುರಿಯಲ್ಲಿ ತಣ್ಣಗಿನದೇನೋ ಮೆಲ್ಲಗೆ ಮೇಲೇರಿತು. ಹಿಂದೆ ತಿರುಗಿ ನೋಡಬೇಕು ಅನಿಸಿತು. ನೋಡಲಿಲ್ಲ.

ಅವನು ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದ. ಆ ಕಣ್ಣಿಗೆ ಈಗ ಬೇಕಾಗಿದ್ದುದು ಒಂದೇ ಮಾತು.

"ಹೂಂ ರಿ," ಎಂದಳು ಸುಶ್ಮಿತಾ. "ನಾನಽ ಅಂದಿದ್ದೆ."

"ಖರೆ?"

"ಖರೆ. ಈಗೂ ಅಂತೀನಿ." ಅವಳು ಎದ್ದು ಅವನ ಕೈ ಜಗ್ಗಿದಳು. "ಏಳ್ರಿ. ಮನೀಗೆ ಹೋಗೂನು."